ಮಿಲ್ಕ್ ಗೆಲುವಿನ ಹಿಂದೆ ಒಂದು ವಾರ್ಡ್ ನಕ್ಷೆ

ಕ್ಯಾಲಿಫೋರ್ನಿಯಾದಲ್ಲಿ ತಾನು ಸಲಿಂಗಿ ಎಂದು ಮುಚ್ಚುಮರೆಯಿಲ್ಲದೆ ಹೇಳಿ ಚುನಾವಣೆ ಗೆದ್ದ ಮೊದಲಿಗ ಹಾರ್ವೆ ಮಿಲ್ಕ್. ಅವರ ಧೈರ್ಯದ ಕಥೆ ಬಹಳ ಜನಕ್ಕೆ ಗೊತ್ತು. ಆದರೆ ಧೈರ್ಯ ಮೊದಲಿಂದಲೂ ಇತ್ತಲ್ವಾ? ಮತ್ತೆ ಮೂರು ಸಲ ಸೋತದ್ದು ಯಾಕೆ?

1930ರಲ್ಲಿ ನ್ಯೂಯಾರ್ಕ್ ಬಳಿ ಹುಟ್ಟಿದ ಮಿಲ್ಕ್ ನೌಕಾಪಡೆಯಲ್ಲಿದ್ದರು, ಮೇಷ್ಟರಾಗಿದ್ದರು, ವಾಲ್ ಸ್ಟ್ರೀಟಿನಲ್ಲೂ ದುಡಿದರು. 1972ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊಗೆ ಬಂದು, ಮರುವರ್ಷ, ಸಲಿಂಗಿಗಳು ಬಂದು ನೆಲೆಸುತ್ತಿದ್ದ ಕ್ಯಾಸ್ಟ್ರೊ ಬೀದಿಯಲ್ಲಿ ಕ್ಯಾಮೆರಾ ಅಂಗಡಿ ಇಟ್ಟರು. ವ್ಯಾಪಾರ ಅಷ್ಟಕ್ಕಷ್ಟೆ. ಹರಟೆ, ರಾಜಕೀಯವೇ ಜಾಸ್ತಿ.

ಆ ನಗರಸಭೆಯಲ್ಲಿ 11 ಸದಸ್ಯರು. ಅವರನ್ನು ಸೂಪರ್‌ವೈಸರ್ ಅನ್ನುತ್ತಾರೆ. ನಮ್ಮ ಲೆಕ್ಕಕ್ಕೆ ಕಾರ್ಪೊರೇಟರ್. ಆಗ ವಾರ್ಡುಗಳೇ ಇರಲಿಲ್ಲ. ಪ್ರತಿ ಅಭ್ಯರ್ಥಿಯೂ ಇಡೀ ಊರಿನ ಮತ ಕೇಳಬೇಕು. ಅದಕ್ಕೆ ದುಡ್ಡು ಬೇಕು, ದೊಡ್ಡವರ ಪರಿಚಯ ಬೇಕು. 1973ರಲ್ಲಿ 32 ಜನರ ಪೈಕಿ ಮಿಲ್ಕ್ 10ನೆಯವರಾದರು. ಕ್ಯಾಸ್ಟ್ರೊ ಸುತ್ತಮುತ್ತಲಿನ ಮತಗಳನ್ನಷ್ಟೇ ಎಣಿಸಿದ್ದರೆ ಆಗಲೇ ಗೆಲ್ಲುತ್ತಿದ್ದರು. 1975ರಲ್ಲಿ ಉದ್ದಗೂದಲು ಕತ್ತರಿಸಿ, ಸೂಟು ತೊಟ್ಟು ನಿಂತರು. ಇದ್ದದ್ದು 6 ಸ್ಥಾನ, ಇವರು 7ನೆಯವರು! 1976ರಲ್ಲಿ ರಾಜ್ಯದ ಅಸೆಂಬ್ಲಿಗೆ ನಿಂತು ಅಲ್ಲೂ ಸೋತರು.

ಅದೇ ವರ್ಷದ ನವೆಂಬರಿನಲ್ಲಿ ಮತದಾರರು ವಾರ್ಡ್ ಪದ್ಧತಿಗೆ ಒಪ್ಪಿಗೆ ಕೊಟ್ಟರು. 1977ರಲ್ಲಿ ಕ್ಯಾಸ್ಟ್ರೊ ಸೇರಿದ್ದ 5ನೇ ವಾರ್ಡಿನಿಂದ ಮಿಲ್ಕ್ ಗೆದ್ದರು. ಅದೇ ಚುನಾವಣೆಯಲ್ಲಿ ಚೀನೀ ಮೂಲದ ಗೋರ್ಡನ್ ಲಾವ್, ಕಪ್ಪು ಮಹಿಳೆ ಎಲಾ ಹಿಲ್ ಹಚ್ ಕೂಡ ಗೆದ್ದರು. ಇನ್ನೊಂದು ವಾರ್ಡಿನಿಂದ ಡ್ಯಾನ್ ವೈಟ್ ಬಂದರು. ಮೊದಲು ಪೊಲೀಸ್, ಆಮೇಲೆ ಅಗ್ನಿಶಾಮಕ ದಳದಲ್ಲಿದ್ದವರು. ಇವರನ್ನು ಆರಿಸಿದ್ದೂ ಅದೇ ನಕ್ಷೆ.

ಮಿಲ್ಕ್ ಕೆಲಸ ಮಾಡಿದ್ದು 11 ತಿಂಗಳೂ ಇಲ್ಲ. ಕೆಲಸ, ಬಾಡಿಗೆ ಮನೆ ವಿಷಯದಲ್ಲಿ ಸಲಿಂಗಿಗಳಿಗೆ ತಾರತಮ್ಯ ಮಾಡಬಾರದೆಂಬ ಕಾನೂನು ತಂದರು. ವಿರುದ್ಧ ಬಿದ್ದದ್ದು ಒಂದೇ ಮತ, ವೈಟ್ ಅವರದು. ಆದರೆ ಊರಿಗೆಲ್ಲ ಹಿಡಿಸಿದ್ದು ಇನ್ನೊಂದು ಕಾನೂನು: ಬೀದಿಯಲ್ಲಿ ನಾಯಿ ಹೇತರೆ ಒಡೆಯನೇ ಬಳಿದು ತೆಗೆಯಬೇಕು. ಅದರ ಪ್ರಚಾರಕ್ಕೆಂದು ಮಿಲ್ಕ್ ಪಾರ್ಕಿನಲ್ಲಿ ಕ್ಯಾಮೆರಾ ಮುಂದೆ ಬೇಕಂತಲೇ ಹೊಲಸು ತುಳಿದರು. ಓಟು ಕೇಳಲು ಬಲ್ಲ ಮನುಷ್ಯ.

1978ರ ನವೆಂಬರಿನಲ್ಲಿ ವೈಟ್ ರಾಜೀನಾಮೆ ಕೊಟ್ಟರು, ಆಮೇಲೆ ಸ್ಥಾನ ವಾಪಸ್ ಕೇಳಿದರು. ಮೇಯರ್ ಜಾರ್ಜ್ ಮಾಸ್ಕೋನಿ ಕೊಡಲು ಒಪ್ಪಲಿಲ್ಲ. 27ರಂದು ವೈಟ್ ಸಿಟಿ ಹಾಲಿನಲ್ಲೇ ಮೇಯರನ್ನೂ ಮಿಲ್ಕ್ ಅವರನ್ನೂ ಗುಂಡಿಟ್ಟು ಕೊಂದರು. ಕೋರ್ಟು ಇದನ್ನು ಕೊಲೆ ಅನ್ನಲಿಲ್ಲ. ಅದಕ್ಕಿಂತ ಕೆಳಗಿನ ಅಪರಾಧವೆಂದು 7 ವರ್ಷ 8 ತಿಂಗಳ ಶಿಕ್ಷೆ ಕೊಟ್ಟಿತು. ತೀರ್ಪಿನ ರಾತ್ರಿ ಊರು ಹೊತ್ತಿ ಉರಿಯಿತು.

1980ರಲ್ಲಿ ಮತದಾರರು ವಾರ್ಡ್ ಪದ್ಧತಿಯನ್ನೇ ಕಿತ್ತುಹಾಕಿದರು. 1996ರಲ್ಲಿ ಮತ್ತೆ ಬೇಕೆಂದರು, 2000ದಿಂದ ಅದೇ ನಡೆಯುತ್ತಿದೆ. ಕ್ಯಾಸ್ಟ್ರೊ ಈಗ 8ನೇ ವಾರ್ಡಿನಲ್ಲಿದೆ.