ಪೆಟ್ಟಿಗೆಯೊಳಗೆ ಇರುವುದು ಬಣ್ಣವಲ್ಲ

ಹೇರ್ ಡೈ ಪೆಟ್ಟಿಗೆಯ ಮೇಲೆ ‘ಅಮೋನಿಯಾ ಇಲ್ಲ’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿದ್ದರೆ ಕೊಳ್ಳುವವರಿಗೆ ಏನೋ ನೆಮ್ಮದಿ. ಪಾಪ, ಅಮೋನಿಯಾದ ದೊಡ್ಡ ಅಪರಾಧವೆಂದರೆ ಮೂಗಿಗೆ ಹೊಡೆಯುವ ಘಾಟು. ನಿಜವಾಗಿ ಅಂಜಬೇಕಾದ ವಸ್ತುವಿಗೆ ಹೇಳಿಕೊಳ್ಳುವಂಥ ವಾಸನೆಯಿಲ್ಲ. ಅದರ ಹೆಸರು ಅದೇ ಪೆಟ್ಟಿಗೆಯ ಪಕ್ಕದಲ್ಲಿ ಸಾಸಿವೆ ಗಾತ್ರದ ಅಕ್ಷರಗಳಲ್ಲಿ ಇರುತ್ತದೆ: ಪ್ಯಾರಾ-ಫಿನೈಲೀನ್‌ಡೈಅಮೀನ್, ಚಿಕ್ಕದಾಗಿ ಪಿಪಿಡಿ.

ಕೂದಲನ್ನು ಕಾಡಿಗೆಯಷ್ಟು ಕಪ್ಪಾಗಿಸುವ ಈ ಪಿಪಿಡಿ ಶುದ್ಧ ರೂಪದಲ್ಲಿ ಬಿಳಿಯ ಹರಳು. ಅಂದರೆ ಅದು ಬಣ್ಣವೇ ಅಲ್ಲ, ಬಣ್ಣವಾಗಲು ಕಾದಿರುವ ಕಚ್ಚಾ ಸರಕು. 1883ರಲ್ಲಿ ಫ್ರಾನ್ಸ್‌ನಲ್ಲಿ ಇದರಿಂದ ಬಣ್ಣ ಹಾಕುವ ಉಪಾಯಕ್ಕೆ ಪೇಟೆಂಟ್ ಸಿಕ್ಕಿತು. ಕೂದಲಿಗೆ ಕಾಯಂ ಬಣ್ಣ ಕೊಡಲು ಇಂದಿಗೂ ಬಹುಪಾಲು ನಡೆಯುವುದು ಅದೇ ಉಪಾಯ.

ಉಪಾಯ ಸೊಗಸಾಗಿದೆ. ಕೂದಲಿನ ಹೊರಪದರ ಮಂಗಳೂರು ಹೆಂಚಿನಂತೆ ಒಂದರ ಮೇಲೊಂದು ಹೊದ್ದುಕೊಂಡಿರುತ್ತದೆ. ಅಮೋನಿಯಾ, ಅದಿಲ್ಲದಿದ್ದರೆ ಅದರ ಜಾಗದಲ್ಲಿ ಹಾಕಿದ ಇಥನಾಲಮೀನ್, ಆ ಹೆಂಚುಗಳನ್ನು ಕೊಂಚ ಎತ್ತಿ ಸಂದು ಮಾಡುತ್ತದೆ. ಪಿಪಿಡಿಯ ಅಣುತೂಕ ಬರೀ 108, ಆದ್ದರಿಂದ ಸಂದಿನಲ್ಲಿ ಸಲೀಸಾಗಿ ನುಸುಳುತ್ತದೆ. ಹಿಂದೆಯೇ ಬರುವ ಡೆವಲಪರ್‌ನಲ್ಲಿರುವ ಹೈಡ್ರೋಜನ್ ಪೆರಾಕ್ಸೈಡ್ ಅದರಿಂದ ಎಲೆಕ್ಟ್ರಾನ್ ಕಸಿಯುತ್ತದೆ. ಆಗ ಪಿಪಿಡಿ ಕ್ವಿನೋನ್‌ಡೈಇಮೀನ್ ಎಂಬ ಅರೆಬೆಂದ ರೂಪ ತಾಳಿ, ಕೈಗೆ ಸಿಕ್ಕಿದ್ದಕ್ಕೆ ಅಂಟಿಕೊಳ್ಳಲು ಹಪಹಪಿಸುತ್ತದೆ. ರೆಸಾರ್ಸಿನಾಲ್‌ನಂಥ ಜೊತೆಗಾರ ಸಿಕ್ಕರೆ ಬೆಸೆದುಕೊಂಡು ದೊಡ್ಡ, ಬಣ್ಣದ ಅಣುವಾಗುತ್ತದೆ. ಮಂಚವನ್ನು ಬಿಡಿಬಿಡಿಯಾಗಿ ಕೋಣೆಗೆ ಸಾಗಿಸಿ ಒಳಗೆ ಜೋಡಿಸಿದಂತೆ ಇದು. ಜೋಡಿಸಿದ ಮೇಲೆ ಬಾಗಿಲಲ್ಲಿ ಹೊರಬರುವುದಿಲ್ಲ. ಎಷ್ಟು ಸಲ ತಲೆಗೆ ನೀರು ಹಾಕಿಕೊಂಡರೂ ಡೈ ಹೋಗದಿರುವುದು ಇದಕ್ಕೇ.

ಈ ಹಪಾಹಪಿಗೆ ಕೂದಲು ಯಾವುದು, ಚರ್ಮ ಯಾವುದು ಎಂಬ ಭೇದವಿಲ್ಲ. ನೆತ್ತಿಗೆ ಇಳಿದ ಪಿಪಿಡಿ ಅಲ್ಲೂ ಅರೆಬೆಂದು, ನಮ್ಮದೇ ಪ್ರೋಟೀನುಗಳಿಗೆ ಮೆತ್ತಿಕೊಳ್ಳುತ್ತದೆ. ಕಾಗೆಯೊಂದಕ್ಕೆ ಬಣ್ಣ ಬಳಿದು ಬಿಟ್ಟರೆ ಉಳಿದ ಕಾಗೆಗಳು ತಮ್ಮದೇ ಬಳಗದ್ದನ್ನು ಕುಕ್ಕಿದಂತೆ, ದೇಹದ ಕಾವಲು ಕಾಯುವ ಟಿ ಕೋಶಗಳು ವೇಷ ಬದಲಾದ ಪ್ರೋಟೀನನ್ನು ಪರಕೀಯವೆಂದು ಗುರುತಿಟ್ಟುಕೊಳ್ಳುತ್ತವೆ. ಮೊದಮೊದಲು ಬರೀ ಗುರುತು, ಗಲಾಟೆಯಿಲ್ಲ. ‘ಹತ್ತು ವರ್ಷದಿಂದ ಹಚ್ಚುತ್ತಿದ್ದೇನೆ, ಏನೂ ಆಗಿಲ್ಲ’ ಎನ್ನುವವರಿಗೆ ಹನ್ನೊಂದನೆಯ ವರ್ಷ ಕಣ್ಣು ತೆರೆಯಲಾಗದಷ್ಟು ಮುಖ ಊದಿಕೊಳ್ಳಬಹುದು. ಆ ನೆನಪು ಸಾಮಾನ್ಯವಾಗಿ ಅಳಿಸುವುದಿಲ್ಲ. ಬ್ರ್ಯಾಂಡ್ ಬದಲಿಸಿ ಪ್ರಯೋಜನವಿಲ್ಲ. ಪಿಪಿಡಿಯ ಬದಲು ಹಾಕುವ ಟಾಲ್ವೀನ್-2,5-ಡೈಅಮೀನ್ ಕೂಡ ಹಲವರಿಗೆ ಆಗುವುದಿಲ್ಲ, ಬೆಂಜೊಕೇನ್‌ನಂಥ ಮರಗಟ್ಟಿಸುವ ಔಷಧವೂ ಕೆಲವರನ್ನು ಕೆರಳಿಸುತ್ತದೆ.

1933ರ ಸುಮಾರಿಗೆ ಅಮೆರಿಕದಲ್ಲಿ ಲ್ಯಾಶ್ ಲ್ಯೂರ್ ಎಂಬ ರೆಪ್ಪೆಯ ಬಣ್ಣ ಮಾರಾಟಕ್ಕಿತ್ತು. ಅದರಲ್ಲಿದ್ದ ಪಿಪಿಡಿಯಿಂದ ಹೆಂಗಸರು ಕಣ್ಣು ಕಳೆದುಕೊಂಡರು, ಸಾವೂ ಆಯಿತು. ಆ ಗದ್ದಲದ ಫಲವೂ ಸೇರಿ 1938ರಲ್ಲಿ ಅಲ್ಲಿ ಹೊಸ ಕಾನೂನು ಬಂತು. ತಮಾಷೆ ನೋಡಿ, ಎಚ್ಚರಿಕೆಯ ಚೀಟಿ ಅಂಟಿಸಿದರೆ ಸಾಕೆಂದು ತಲೆಗೂದಲಿನ ಡೈಗೆ ಅದೇ ಕಾನೂನು ವಿನಾಯಿತಿ ಕೊಟ್ಟಿತು! ‘ಹುಬ್ಬು, ರೆಪ್ಪೆಗೆ ಹಚ್ಚಬೇಡಿ, ಕುರುಡಾಗಬಹುದು’ ಎಂದು ನಮ್ಮ ದೇಶದ ಪೆಟ್ಟಿಗೆಗಳಲ್ಲಿ ಕಾಣುವ ಸಾಲು ಆ ಚೀಟಿಯ ಮಾತಿಗೆ ಬಹಳ ಹತ್ತಿರ. ಆದರೂ ಗಂಡಸರು ಮೀಸೆ ಮುಗಿಸಿ, ಉಳಿದದ್ದನ್ನು ಹುಬ್ಬಿಗೂ ಎಳೆಯುವುದು ನಿಂತಿಲ್ಲ.

ಇನ್ನು ‘ಕಪ್ಪು ಮೆಹಂದಿ’. ಗೋರಂಟಿ ಸೊಪ್ಪಿನಲ್ಲಿರುವ ಲಾಸೋನ್ ಕೊಡುವುದು ಕಿತ್ತಳೆ, ಕೆಂಪು, ಹೆಚ್ಚೆಂದರೆ ಕಂದು. ಬರೀ ಗೋರಂಟಿಯಿಂದ ಕಪ್ಪು ಬರುವುದಿಲ್ಲ. ಗೋರಂಟಿ ಹಚ್ಚಿ ತೊಳೆದ ಮೇಲೆ ನೀಲಿ (ಇಂಡಿಗೊ) ಗಿಡದ ಪುಡಿ ಹಚ್ಚಿದರೆ ಕಪ್ಪಾದೀತು, ಅದಕ್ಕೆ ತಾಸುಗಟ್ಟಲೆ ತಾಳ್ಮೆ ಬೇಕು. ‘ಹರ್ಬಲ್’ ಪುಡಿಯೊಂದು ಅರ್ಧ ಗಂಟೆಯಲ್ಲೇ ಕಪ್ಪು ಮಾಡಿತೆಂದರೆ ಅದರಲ್ಲಿ ಪಿಪಿಡಿ ಇರುವ ಅನುಮಾನ ಬಲವಾಗಿರಲಿ. ಐರೋಪ್ಯ ಒಕ್ಕೂಟದಲ್ಲಿ ತಲೆಗೆ ಹಚ್ಚುವ ಮಿಶ್ರಣದಲ್ಲಿ ಪಿಪಿಡಿ ಶೇ 2 ದಾಟುವಂತಿಲ್ಲ, ಆದರೆ ಕೈಮೇಲೆ ಬಿಡಿಸುವ ಕಪ್ಪು ಮೆಹಂದಿಯಲ್ಲಿ ಶೇ 15ನ್ನೂ ಮೀರಿದ್ದುಂಟು. ಮೊರಾಕೋದಲ್ಲೂ ಇದೇ ಕಥೆ. ಅಲ್ಲಿನ ‘ತಕಾವುತ್’ ಮೂಲತಃ ಝಾವುಕ ಜಾತಿಯ ಗಿಡದ ಗಂಟು. ಅದು ಅಪರೂಪವಾದಾಗ ಹೆಸರು ಹಾಗೇ ಉಳಿಯಿತು, ಸರಕು ಪಿಪಿಡಿ ಆಯಿತು.

ಚರ್ಮದ ಅಲರ್ಜಿ ಒಂದು ಬಗೆ, ಹೊಟ್ಟೆಗೆ ಹೋದರೆ ಕಥೆಯೇ ಬೇರೆ. ಮೊದಲ ಕೆಲವು ಗಂಟೆಗಳಲ್ಲೇ ಮುಖ, ನಾಲಿಗೆ, ಕುತ್ತಿಗೆ ಊದಿ ಉಸಿರು ಕಟ್ಟುತ್ತದೆ. ಗಂಟಲಿನಲ್ಲಿ ರಂಧ್ರ ಮಾಡಿ ಉಸಿರಾಟದ ದಾರಿ ತೆರೆಯಬೇಕಾಗಬಹುದು. ಅದನ್ನು ದಾಟಿದರೆ ಸ್ನಾಯುಗಳು ಒಡೆಯತೊಡಗಿ, ಅವುಗಳಿಂದ ಸುರಿದ ಮಯೋಗ್ಲೋಬಿನ್ ಎಂಬ ಪ್ರೋಟೀನು ಮೂತ್ರಪಿಂಡದ ನಳಿಕೆಗಳಲ್ಲಿ ಕಟ್ಟಿಕೊಳ್ಳುತ್ತದೆ. ಮೂತ್ರ ಕಪ್ಪು ಕಾಫಿಯಂತಾಗುತ್ತದೆ. ಹೃದಯದ ಸ್ನಾಯುವೂ ಘಾಸಿಗೊಳ್ಳಬಹುದು. ಇದಕ್ಕೆ ನಿರ್ದಿಷ್ಟ ಪ್ರತಿವಿಷವಿಲ್ಲ. ಉಸಿರಿನ ದಾರಿ ಕಾಯುವುದು, ಡ್ರಿಪ್, ಬೇಕಾದರೆ ಡಯಾಲಿಸಿಸ್, ಇಷ್ಟೇ ವೈದ್ಯರ ಕೈಲಿರುವುದು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುತ್ತಾ ಕೂರಬೇಡಿ. ಊತ ಕಾಣುವ ಮುಂಚೆಯೇ 108ಕ್ಕೆ ಕರೆಮಾಡಿ, ಪೆಟ್ಟಿಗೆಯನ್ನೂ ಜೊತೆಗೆ ಒಯ್ಯಿರಿ. ದಕ್ಷಿಣ ಭಾರತದ ಆಸ್ಪತ್ರೆಗಳಿಗೆ ಈ ವಿಷ ಅಪರಿಚಿತವಲ್ಲ, ಬೇಸರದ ಗಳಿಗೆಯಲ್ಲಿ ಕುಡಿದವರೂ ಅವರಲ್ಲಿರುತ್ತಾರೆ. ಅಂಥ ಯೋಚನೆ ಕಾಡುವವರು ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಮಾತಾಡಬಹುದು.

ಡೈ ಬಿಡಲಾಗದವರು ಪ್ರತಿ ಸಲವೂ ಪರೀಕ್ಷೆ ಮಾಡಿಕೊಳ್ಳಬೇಕು. ಕಿವಿಯ ಹಿಂದೆ ಅಥವಾ ಮುಂಗೈ ಒಳಮೈಯನ್ನು ತೊಳೆದು, ಕಲಸಿದ ಡೈಯನ್ನು ಬೊಟ್ಟಿನಷ್ಟು ಹಚ್ಚಿ ಒಣಗಲು ಬಿಡಿ. 24 ಗಂಟೆ ಕಳೆದು ತೊಳೆಯಿರಿ ಎನ್ನುತ್ತದೆ ಪೆಟ್ಟಿಗೆ. ಈ ಅಲರ್ಜಿ ನಿಧಾನದ್ದು, ಎರಡು ಮೂರು ದಿನಕ್ಕೆ ತಲೆಯೆತ್ತುವುದೂ ಉಂಟು. ಹಾಗಾಗಿ ಭಾನುವಾರ ತಲೆಗೆ ಹಚ್ಚುವುದಿದ್ದರೆ ಬುಧವಾರವೇ ಬೊಟ್ಟಿಡಿ. ನಡುವೆ ಎಂದಾದರೂ ನವೆ, ಕೆಂಪು, ಗುಳ್ಳೆ ಕಂಡರೆ ತಕ್ಷಣ ತೊಳೆದು, ಡೈಯ ಯೋಚನೆ ಬಿಡಿ. ಹಚ್ಚುವವರ ಕೈಗೆ ನೈಟ್ರೈಲ್ ಗ್ಲೌಸ್ ಇರಲಿ. ಕಲಸಿ ಉಳಿದ ಡೈಯನ್ನು ಮುಚ್ಚಳ ಬಿಗಿದು ಎತ್ತಿಡಬೇಡಿ: ಪೆರಾಕ್ಸೈಡ್ ಆಮ್ಲಜನಕ ಬಿಡುತ್ತಲೇ ಇರುತ್ತದೆ, ಬಾಟಲಿ ಸಿಡಿಯಬಹುದು.