ಕುದುರೆಯ ಬಾಯಿಗೆ ಯಾರ ಕೈ?

ಮೂರು ವರ್ಷದ ಕುದುರೆ ಮೇವು ಬಿಟ್ಟಿದೆ ಎಂದು ಬಾಯಿ ತೆರೆದು ನೋಡಿದವರಿಗೆ ಮೊದಲು ಕಾಣುವುದು ಮೇಲಿನ ಬಾಚಿಹಲ್ಲುಗಳ ಹಿಂದೆ ಊದಿದ ಅಂಗುಳ. ಅದನ್ನೇ ರೋಗವೆಂದು ತಿಳಿದು ಕಾಯಿಸಿದ ಕಬ್ಬಿಣದಿಂದ ಸುಡುವ ಪದ್ಧತಿ ಯುರೋಪಿನಲ್ಲಿ ಶತಮಾನಗಳ ಕಾಲ ನಡೆಯಿತು. ನಮ್ಮಲ್ಲೂ ಬರೆ ಹಾಕಿದರೆ ವಾಸಿಯಾಗುತ್ತದೆ ಎಂಬ ನಂಬಿಕೆ ಪೂರ್ತಿ ಸತ್ತಿಲ್ಲ. ಆ ಊತ ರೋಗವೇ ಅಲ್ಲ. ಎರಡೂವರೆಯಿಂದ ನಾಲ್ಕೂವರೆ ವರ್ಷದವರೆಗೆ ಹಾಲುಹಲ್ಲು ಉದುರಿ ಕಾಯಂ ಹಲ್ಲು ಮೂಡುವಾಗ ಅಂಗುಳ ಊದುತ್ತದೆ, ತಾನಾಗಿಯೇ ಇಳಿಯುತ್ತದೆ. ಮೇವು ಬಿಡಲು ನಿಜವಾದ ಕಾರಣ ಎಷ್ಟೋ ಸಲ ಅದಕ್ಕಿಂತ ಒಳಗಿರುತ್ತದೆ: ಉದುರಬೇಕಾದ ಹಾಲುಹಲ್ಲು ಸಡಿಲಗೊಂಡು ಹೊಸ ದವಡೆಹಲ್ಲಿನ ತಲೆಯ ಮೇಲೆ ಓರೆಯಾಗಿ ಸಿಕ್ಕಿಕೊಂಡಿರುತ್ತದೆ. ಬಾಯಿಯನ್ನು ಕೊನೆಯವರೆಗೂ ನೋಡದವರು ಅಂಗುಳ ಸುಟ್ಟು ಹೋಗುತ್ತಾರೆ, ಸಿಕ್ಕಿಕೊಂಡ ಹಲ್ಲು ಅಲ್ಲೇ ಉಳಿಯುತ್ತದೆ.

ಕುದುರೆಯ ದವಡೆಹಲ್ಲು ಒಮ್ಮೆ ಬಂದು ನಿಲ್ಲುವಂಥದ್ದಲ್ಲ. ಎಳೆಯ ಕುದುರೆಯಲ್ಲಿ 7ರಿಂದ 10 ಸೆಂ.ಮೀ. ಉದ್ದವಿರುವ ಆ ಹಲ್ಲಿನ ಬಹುಪಾಲು ದವಡೆಯೊಳಗೇ ಹುದುಗಿರುತ್ತದೆ. ವರ್ಷಕ್ಕೆ 2–3 ಮಿ.ಮೀ. ಹೊರಬರುತ್ತದೆ, ಹೆಚ್ಚುಕಡಿಮೆ ಅಷ್ಟೇ ಸವೆಯುತ್ತದೆ. ದಾಸ್ತಾನು ತೀರಿದರೆ ಮತ್ತೆ ಬರುವುದಿಲ್ಲ. ಮೇಲ್ದವಡೆ ಕೆಳದವಡೆಗಿಂತ ಅಗಲವಾಗಿರುವುದರಿಂದ ಮೇಲಿನ ಹಲ್ಲುಗಳ ಹೊರ ಅಂಚು, ಕೆಳಗಿನವುಗಳ ಒಳ ಅಂಚು ಸರಿಯಾಗಿ ಸವೆಯದೆ ಚೂಪಾಗುತ್ತವೆ. ಮೇಲಿನದು ಕೆನ್ನೆಯನ್ನು ಕೊಯ್ಯುತ್ತದೆ, ಕೆಳಗಿನದು ನಾಲಿಗೆಯನ್ನು. ಒಂದು ಕಿಲೋ ಒಣಹುಲ್ಲು ತಿನ್ನಲು ಕುದುರೆ ಸುಮಾರು 3000 ಸಲ ಅಗಿಯುತ್ತದೆ, ಅದೂ ದವಡೆಯನ್ನು ಅಗಲಕ್ಕೆ ಆಡಿಸಿ. ಒಂದು ಕಿಲೋ ಓಟ್ಸ್‌ಗೆ ಸುಮಾರು 1000 ಸಲ ಸಾಕು, ದವಡೆ ಅಡ್ಡಕ್ಕೆ ಹೆಚ್ಚು ಆಡುವುದೂ ಇಲ್ಲ. ಲಾಯದಲ್ಲೇ ನಿಂತು ಕಾಳು, ಬೂಸಾ ತಿನ್ನುವ ಬೆಂಗಳೂರಿನ ಕುದುರೆಗಳಿಗೆ, ರೇಸ್ ಕುದುರೆಯಾಗಲಿ ಮದುವೆಯ ಸಾರೋಟಿನ ಕುದುರೆಯಾಗಲಿ, ಚೂಪು ಅಂಚಿನ ಕಾಟ ಹೆಚ್ಚಾಗುವುದು ಇದರಿಂದಲೇ.

ಹಾಗಾದರೆ ಅರ ಹಾಕಿ ನುಣ್ಣಗೆ ಮಾಡಿಬಿಟ್ಟರಾಯಿತಲ್ಲ? ಇಲ್ಲಿಯೇ ದೊಡ್ಡ ತಪ್ಪಾಗುತ್ತದೆ. ದವಡೆಹಲ್ಲಿನ ಮೇಲ್ಮೈಯಲ್ಲಿ ಗಟ್ಟಿಯಾದ ಎನಾಮಲ್ ಮಡಿಕೆ ಮಡಿಕೆಯಾಗಿ ಹರಡಿದೆ. ಅದರ ನಡುವೆ ಮೆತ್ತಗಿನ ಡೆಂಟಿನ್ ಮತ್ತು ಸಿಮೆಂಟಮ್ ಇವೆ. ಮೆತ್ತಗಿನದು ಬೇಗ ಸವೆದು ಗಟ್ಟಿಯಾದದ್ದು ಏಣಾಗಿ ಉಳಿಯುವುದರಿಂದಲೇ ಹುಲ್ಲು ಅರೆಯುತ್ತದೆ. ಬೀಸುವ ಕಲ್ಲನ್ನು ನೆನೆಸಿಕೊಳ್ಳಿ: ಕಲ್ಲು ನುಣುಪಾದರೆ ರಾಗಿ ಹಿಟ್ಟಾಗದು, ಉಳಿಯಿಂದ ಕುಟ್ಟಿಸಿ ಮತ್ತೆ ತರಿ ಮಾಡಿಸಬೇಕು. ಕಲ್ಲಿಗಾದರೆ ಕುಟ್ಟಿಸಬಹುದು, ಹಲ್ಲಿಗೆ ಆ ಉಪಾಯವಿಲ್ಲ, ಮತ್ತೆ ಸವೆದು ಏಣು ಮೂಡುವವರೆಗೆ ಕಾಯಬೇಕು. ಅಂಚಿನ ಚೂಪು ತೆಗೆಯುವುದು ಚಿಕಿತ್ಸೆ, ಅರೆಯುವ ಮುಖವನ್ನೇ ಸಪಾಟು ಮಾಡುವುದು ಹಾನಿ.

ಆ ಮುಖದ ಕೆಳಗೆ ಜೀವಂತ ತಿರುಳು ಇದೆ. ಒಂದೊಂದು ದವಡೆಹಲ್ಲಿನಲ್ಲಿ ಅರೆಯುವ ಮುಖದತ್ತ ಚಾಚಿದ ಐದು ಅಥವಾ ಹೆಚ್ಚು ತಿರುಳಿನ ಕೊಂಬುಗಳಿರುತ್ತವೆ. ಕೆಲವೆಡೆ ಅವು ಮೇಲ್ಮೈಯಿಂದ ಬರೀ 2–3 ಮಿ.ಮೀ. ಕೆಳಗಿರುತ್ತವೆ. ಮೋಟಾರಿನ ಅರವನ್ನು ನೀರು ಹಾಯಿಸದೆ ಒಂದೇ ಜಾಗದಲ್ಲಿ ಒತ್ತಿ ಹಿಡಿದರೆ ಬಿಸಿಗೆ ತಿರುಳು ಸಾಯಬಹುದು. ಆ ದಿನ ಏನೂ ಗೊತ್ತಾಗುವುದಿಲ್ಲ. ತಿಂಗಳುಗಳ ನಂತರ ಬೇರಿನಲ್ಲಿ ಕೀವಾಗುತ್ತದೆ. ಮೇಲ್ದವಡೆಯ ಹಿಂದಿನ ಹಲ್ಲಾದರೆ ಕೀವು ಸೈನಸ್‌ಗೆ, ಅಂದರೆ ಮೂಗಿನ ಪಕ್ಕದ ಮೂಳೆಯೊಳಗಿನ ಟೊಳ್ಳಿಗೆ, ನುಗ್ಗಿ ಒಂದೇ ಹೊಳ್ಳೆಯಿಂದ ದುರ್ವಾಸನೆಯ ಸಿಂಬಳ ಸುರಿಯುತ್ತದೆ. ತೀರಾ ಎತ್ತರಕ್ಕೆ ಬೆಳೆದ ಹಲ್ಲನ್ನು ಒಂದೇ ದಿನ ತಗ್ಗಿಸದೆ, ಪ್ರತಿ ಸಲ 3–4 ಮಿ.ಮೀ.ನಂತೆ, ಕೆಲವು ತಿಂಗಳ ಅಂತರ ಬಿಟ್ಟು ತಗ್ಗಿಸುವುದು ಇದೇ ಕಾರಣಕ್ಕೆ.

ಕುದುರೆಯ ಬಾಯಿ ನೋಡುವ ಕಲೆ ಬೆಳೆದದ್ದು ಸಂತೆಯಲ್ಲಿ, ವಯಸ್ಸು ತಿಳಿಯಲು. ಕೆಳಗಿನ ಬಾಚಿಹಲ್ಲುಗಳ ಗುಳಿ ನಡುವಿನ ಜೋಡಿಯಲ್ಲಿ ಸುಮಾರು 6 ವರ್ಷಕ್ಕೆ, ಪಕ್ಕದ್ದರಲ್ಲಿ 7ಕ್ಕೆ, ಮೂಲೆಯದ್ದರಲ್ಲಿ 8ಕ್ಕೆ ಮಾಯವಾಗುತ್ತದೆ. ಅದಕ್ಕೇ ಇಂಗ್ಲೆಂಡಿನ ದಲ್ಲಾಳಿಗಳು ಮುದಿ ಕುದುರೆಯ ಹಲ್ಲಿನಲ್ಲಿ ಗುಳಿ ಕೊರೆದು, ಸುಟ್ಟು ಕಪ್ಪಾಗಿಸಿ ಎಳೆಯದೆಂದು ಮಾರುತ್ತಿದ್ದರು. ಅಸಲಿ ಗುಳಿಯ ಸುತ್ತ ಇರುವ ಎನಾಮಲ್ ಉಂಗುರವನ್ನು ಮಾತ್ರ ಅವರಿಂದ ಮಾಡಲಾಗಲಿಲ್ಲ, ತಿಳಿದವರು ಅದರಿಂದಲೇ ಮೋಸ ಹಿಡಿಯುತ್ತಿದ್ದರು. ಆ ಸಂತೆಯ ಅಭ್ಯಾಸ ಇನ್ನೂ ಬಿಟ್ಟಿಲ್ಲ. ತುಟಿ ಎತ್ತಿ ಬಾಚಿಹಲ್ಲು ನೋಡಿದವರು ಬಾಯಿ ನೋಡಿದೆವು ಎನ್ನುತ್ತಾರೆ. ನೋವು ಕೊಡುವ ಹಲ್ಲು ಅಲ್ಲಿಂದ ಗೇಣುದ್ದ ಹಿಂದಿರುತ್ತದೆ.

ಸೈಸ್, ಅಂದರೆ ಕುದುರೆ ನೋಡಿಕೊಳ್ಳುವ ಆಳು, ದಿನವೂ ಕುದುರೆಯ ಜೊತೆಗಿರುವವರು, ಅವರ ಕಣ್ಣಿಗೆ ಬೆಲೆ ಕಟ್ಟಲಾಗದು. ಅರ್ಧ ಅಗಿದು ಉಗುಳಿದ ಹುಲ್ಲಿನ ಉಂಡೆ, ಲದ್ದಿಯಲ್ಲಿ ಇಡಿ ಕಾಳು, ಕಡಿವಾಣ ಹಾಕಿದೊಡನೆ ತಲೆ ಒದರುವುದು ಮೊದಲು ಕಾಣುವುದು ಅವರಿಗೇ. ಲಾಳ ಕಟ್ಟುವವರ ಕೈ ಗಟ್ಟಿ, ಅರವೂ ಅವರ ಬಳಿ ಇರುತ್ತದೆ. ಆದರೆ ಹಲ್ಲಿನ ಕೆಲಸವನ್ನು ಇಬ್ಬರಿಗೂ ಒಪ್ಪಿಸಬಾರದು. 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆಯ ಪ್ರಕಾರ ಪಶುವೈದ್ಯ ವೃತ್ತಿ ನಡೆಸುವ ಹಕ್ಕು ನೋಂದಾಯಿತ ಪಶುವೈದ್ಯರದ್ದು. ಡಿಪ್ಲೊಮಾ ಇದ್ದವರು ರಾಜ್ಯ ಸರ್ಕಾರ ಅನುಮತಿಸಿದ ಸಣ್ಣಪುಟ್ಟ ಸೇವೆಯನ್ನು ಮಾಡಬಹುದು, ಅದೂ ವೈದ್ಯರ ಮೇಲ್ವಿಚಾರಣೆಯಲ್ಲಿ. ‘ಡೆಂಟಿಸ್ಟ್’ ಎಂಬ ಬಿರುದಿನಿಂದ ಏನೂ ತಿಳಿಯುವುದಿಲ್ಲ. ರಾಜ್ಯ ಪಶುವೈದ್ಯ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಿ. ದನ, ನಾಯಿ ನೋಡುವ ವೈದ್ಯರೆಲ್ಲ ಕುದುರೆಯ ಬಾಯಲ್ಲಿ ಪಳಗಿರುವುದಿಲ್ಲ, ಆದ್ದರಿಂದ ವರ್ಷಕ್ಕೆ ಎಷ್ಟು ಕುದುರೆಗಳ ಹಲ್ಲು ನೋಡುತ್ತೀರಿ ಎಂದೂ ಕೇಳಿ. ಪರಿಚಯದವರಿಲ್ಲದಿದ್ದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಬಹುದು.

ಅರ ತೆಗೆಯುವ ಮುನ್ನ ಅವರು ಏನು ಮಾಡುತ್ತಾರೆ ನೋಡಿ. ಕುದುರೆಗೆ ಮಂಪರು ಬರಿಸಿ, ತಲೆಗೆ ಆಸರೆ ಕೊಟ್ಟು, ಬಾಯಿ ತೆರೆಸುವ ಗ್ಯಾಗ್ ಹಾಕಿ, ನೀರು ಹಾಯಿಸಿ ಮೇವು ತೊಳೆದು, ಹಣೆಗೆ ದೀಪ ಕಟ್ಟಿ, ಉದ್ದ ಹಿಡಿಯ ಕನ್ನಡಿಯಿಂದ ಕೊನೆಯ ಹಲ್ಲಿನ ಹಿಂಬದಿಯವರೆಗೂ ನೋಡಬೇಕು. ಹಲ್ಲುಗಳ ಸಂದಿಯಲ್ಲಿ ಮೇವು ಕೊಳೆತು ಒಸಡು ಹುಣ್ಣಾಗಿರುವುದು ಕುದುರೆಯ ಬಾಯಿಯ ಅತಿ ನೋವಿನ ಕಾಯಿಲೆಗಳಲ್ಲಿ ಒಂದು. ಕನ್ನಡಿ ಇಲ್ಲದೆ ಅದು ಕಾಣುವುದೇ ಇಲ್ಲ. ಕಂಡದ್ದನ್ನೆಲ್ಲ ಹಲ್ಲಿನ ಸಂಖ್ಯೆ ಸಮೇತ ಚಾರ್ಟಿನಲ್ಲಿ ಬರೆದು ಒಂದು ಪ್ರತಿ ನಿಮಗೆ ಕೊಡಬೇಕು. ಮಂಪರು ಬೇಡ, ನಾಲಿಗೆ ಎಳೆದು ಹಿಡಿದರೆ ಸಾಕು ಎನ್ನುವವರನ್ನು ಕಳುಹಿಸಿಬಿಡಿ. ಜೋರಾಗಿ ಎಳೆದ ನಾಲಿಗೆ ಹರಿಯಬಹುದು, ಅದರ ಬುಡದ ಮೂಳೆಗೂ ಪೆಟ್ಟಾಗಬಹುದು. ದವಡೆಹಲ್ಲಿನ ಸಾಲಿನ ಮುಂದೆ ಮೂಡಿ ಕಡಿವಾಣಕ್ಕೆ ತಾಗುವ ‘ವುಲ್ಫ್ ಟೂತ್’ ಎಂಬ ಪುಟ್ಟ ಹಲ್ಲನ್ನು ಕೀಳುವುದೂ ವೈದ್ಯರ ಕೆಲಸವೇ: ಪಕ್ಕದಲ್ಲೇ ಅಂಗುಳದ ರಕ್ತನಾಳ ಹಾದುಹೋಗಿದೆ, ಉಪಕರಣ ಜಾರಿ ಅದು ಹರಿದರೆ ರಕ್ತ ನಿಲ್ಲಿಸುವುದು ಕಷ್ಟ. ಕೀಳುವ ಮುಂಚೆ ಧನುರ್ವಾಯು ಲಸಿಕೆ ಚಾಲ್ತಿಯಲ್ಲಿದೆಯೇ ನೋಡಬೇಕು.

ಎರಡರಿಂದ ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ತಪಾಸಣೆ ಸಾಕು. ಮಂಪರು ಪೂರ್ತಿ ಇಳಿಯುವವರೆಗೆ ಮೇವು ಇಡಬೇಡಿ, ಅನ್ನನಾಳದಲ್ಲಿ ಸಿಕ್ಕಿಕೊಂಡೀತು. ರೇಸಿಗೆ ಓಡುವ ಕುದುರೆಯಾದರೆ ಕೊಟ್ಟ ಔಷಧದ ಹೆಸರು, ಪ್ರಮಾಣ, ಹೊತ್ತು ಬರೆಸಿಕೊಂಡು ಅಂದೇ ಟ್ರೈನರ್ ಕೈಗೆ ಕೊಡಿ.