ಹಳೆಯ ಫೋಟೊದಲ್ಲಿ ಗರಿಕಿರೀಟವನ್ನು ಮೊದಲೇ ನೋಡಬೇಡಿ

ತಲೆತುಂಬ ಹದ್ದಿನ ಗರಿ ಹೊತ್ತ ಗಂಡಸಿನ ಹಳೆಯ ಫೋಟೊ ಸಿಕ್ಕರೆ ಮಾರುವವರು ಅದರ ಕೆಳಗೆ 'ಸೂ ಮುಖಂಡ' ಎಂದು ಬರೆದುಬಿಡುತ್ತಾರೆ. ಸೂ ಎಂಬುದು ಉತ್ತರ ಅಮೆರಿಕದ ಒಂದು ಮೂಲನಿವಾಸಿ ಜನಾಂಗಕ್ಕೆ ಹೊರಗಿನವರಿಟ್ಟ ಹೆಸರು. ಅದರೊಳಗೆ ಡಕೋಟಾ, ಲಕೋಟಾ ಕವಲುಗಳಿವೆ; ಲಕೋಟಾದಲ್ಲೇ ಓಗ್ಲಾಲಾ, ಹಂಕ್‌ಪಾಪಾ ಮೊದಲಾದ ಏಳು ಪಂಗಡ. 1883ರಲ್ಲಿ ಬಫೆಲೊ ಬಿಲ್‌ನ ವೈಲ್ಡ್ ವೆಸ್ಟ್ ಎಂಬ ಊರೂರು ತಿರುಗುವ ಪ್ರದರ್ಶನ ಶುರುವಾದ ಮೇಲಂತೂ ಈ ಕಿರೀಟದ ತವರಾದ ಅಮೆರಿಕದ ಬಯಲುಸೀಮೆಗೆ ಸಂಬಂಧವೇ ಇಲ್ಲದ ಬುಡಕಟ್ಟಿನವರೂ ಈ ಕಿರೀಟ ತೊಟ್ಟು ಕ್ಯಾಮೆರಾ ಮುಂದೆ ಕೂತರು.

ಆದ್ದರಿಂದ ಮೊದಲು ಫೋಟೊ ತಿರುಗಿಸಿ, ಅದನ್ನು ಅಂಟಿಸಿದ ರಟ್ಟು ಅಳೆಯಿರಿ. ಸುಮಾರು ಎರಡೂವರೆಗೆ ನಾಲ್ಕು ಇಂಚಿದ್ದರೆ 1860ರ ದಶಕದಲ್ಲಿ ಜನಪ್ರಿಯವಾದ ಸಣ್ಣ ಕಾರ್ಡು. ನಾಲ್ಕೂಕಾಲಿಗೆ ಆರೂವರೆ ಇದ್ದರೆ ಕ್ಯಾಬಿನೆಟ್ ಕಾರ್ಡು, ಅದು ಶತಮಾನದ ಕೊನೆಯವರೆಗೂ ಚಾಲ್ತಿಯಲ್ಲಿತ್ತು. ಸ್ಟುಡಿಯೊ ಮುದ್ರೆ ಸಿಕ್ಕರೆ ಒಳ್ಳೆಯದು, ಆದರೆ ಅದನ್ನೇ ನಂಬಿ ಕೂರಬೇಡಿ: ಆರ್ಲ್ಯಾಂಡೊ ಗಾಫ್ ಎಂಬ ಫೋಟೊಗ್ರಾಫರ್ ತೆಗೆದ ಚಿತ್ರಗಳು ಇನ್ನೊಬ್ಬ ಫೋಟೊಗ್ರಾಫರ್ ಡೇವಿಡ್ ಬ್ಯಾರಿಯ ಮುದ್ರೆಯಡಿ ಮಾರಾಟವಾದದ್ದುಂಟು. ತಗಡಿನ ಮೇಲಿನ ಟಿನ್‌ಟೈಪ್ ಆದರೆ ಎಡಬಲ ಅದಲುಬದಲಾಗಿರುತ್ತದೆ. ಗಂಡಸರ ಕೋಟಿನಲ್ಲಿ ಎಡಮಗ್ಗುಲು ಮೇಲೆ ಬರಬೇಕು. ಬಲಮಗ್ಗುಲು ಮೇಲಿದ್ದರೆ ಚಿತ್ರದ ಎಡಬಲವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿಕೊಂಡು, ಆಮೇಲೆ ಗಾಯದ ಗುರುತು ಯಾವ ಕೆನ್ನೆಯಲ್ಲಿದೆ ಎಂದು ಬರೆದುಕೊಳ್ಳಿ.

ಬಹಳ ಜನ ಎಡವುವುದು ಬಣ್ಣದಲ್ಲಿ. ಆ ಕಾಲದಲ್ಲಿ ಫೋಟೊ ತೆಗೆಯಲು ಬಳಸುತ್ತಿದ್ದ, ಕೊಲೊಡಿಯನ್ ಎಂಬ ದ್ರಾವಣ ಬಳಿದ ಗಾಜಿಗೆ ನೀಲಿ ಮಾತ್ರ ಚೆನ್ನಾಗಿ ತಾಗುತ್ತಿತ್ತು. ತಿಳಿನೀಲಿ ಬೆಳ್ಳಗಾಗುತ್ತದೆ, ಕೆಂಪು, ಹಳದಿ ಕಪ್ಪಾಗುತ್ತವೆ. ಲಕೋಟಾ ಮಣಿಕೆಲಸದ ತಿಳಿನೀಲಿ ಹಿನ್ನೆಲೆ ಫೋಟೊದಲ್ಲಿ ಬರೀ ಬಿಳಿ. ಗರಿಯ ಬುಡದ 'ಕಪ್ಪು' ಬಟ್ಟೆ ಸಾಮಾನ್ಯವಾಗಿ ಕೆಂಪು ಉಣ್ಣೆ. ಮುಖಕ್ಕೆ ಬಳಿದ ಕೆಂಪು ಕೊಳೆಯಂತೆ ಕಾಣುವುದರಿಂದ ಸ್ಕ್ಯಾನ್ ಮಾಡುವವರು ಅದನ್ನು ಒರೆಸಿಹಾಕುತ್ತಾರೆ. ಒಳ್ಳೆಯ ಸಾಕ್ಷಿ ಹಾಗೇ ಹೋಗುತ್ತದೆ.

ಈಗ ಕಿರೀಟ. ಭೂತಗನ್ನಡಿ ಹಿಡಿದು ಗರಿ ಎಣಿಸಿ. ಎಳೆಯ ಗೋಲ್ಡನ್ ಈಗಲ್ ಹದ್ದಿನ ಬಾಲದಲ್ಲಿ 12 ಗರಿ, ಬಿಳಿ ಮೈ, ಕಪ್ಪು ತುದಿ. ಕಿರೀಟಕ್ಕೆ ಸುಮಾರು ಮೂವತ್ತು ಬೇಕು, ಅಂದರೆ ಮೂರು ಹಕ್ಕಿಯ ಬಾಲ. ಪ್ರತಿ ಗರಿಯ ಬುಡದ ಕಡ್ಡಿಯನ್ನು ಸೀಳಿ ಮಡಚಿ ಕುಣಿಕೆ ಮಾಡಿ, ಉಣ್ಣೆ ಸುತ್ತಿ, ಚರ್ಮದ ಟೊಪ್ಪಿಗೆಗೆ ದಾರದಿಂದ ಪೋಣಿಸುತ್ತಾರೆ. ನಂತರದವುಗಳಲ್ಲಿ ಅಂಚು ಕತ್ತರಿಸಿದ ಫೆಲ್ಟ್ ಹ್ಯಾಟೇ ಟೊಪ್ಪಿಗೆ. ಗರಿಗಳ ನಡುಮಧ್ಯದಲ್ಲಿ ಇನ್ನೊಂದು ಸಣ್ಣ ದಾರ ಓಡುತ್ತದೆ. ಬೀಸಣಿಗೆಯಂತೆ ಹರಡಿ ನಿಲ್ಲಿಸುವುದು ಅದೇ. ಅದು ಸಡಿಲಾದರೆ ಗರಿಗಳೆಲ್ಲ ಒಂದು ಕಡೆ ವಾಲುತ್ತವೆ. ಹಣೆಗೆ ಮಣಿಪಟ್ಟಿ, ಕಿವಿಯ ಪಕ್ಕ ಎರ್ಮಿನ್ ಎಂಬ ಸಣ್ಣ ಪ್ರಾಣಿಯ ಬಿಳಿ ತುಪ್ಪಳ ಅಥವಾ ರಿಬ್ಬನ್. ಲಕೋಟಾ ಕಿರೀಟ ಹಿಂದಕ್ಕೂ ಹೊರಕ್ಕೂ ಹರಡುತ್ತದೆ. ಬ್ಲ್ಯಾಕ್‌ಫೂಟ್ ಜನರ ಹಳೆಯ ಮಾದರಿಯಲ್ಲಿ ಗರಿಗಳು ನೆಟ್ಟಗೆ ಮೇಲಕ್ಕೆ ನಿಂತಿರುತ್ತವೆ.

ಕೂದಲನ್ನೂ ನೋಡಿ. ನೀರುನಾಯಿಯ ತುಪ್ಪಳ ಸುತ್ತಿದ ಎರಡು ಜಡೆ ಲಕೋಟಾ ಕಡೆ ಬೆರಳು ತೋರಿಸುತ್ತದೆ. ಹಣೆಯ ಮೇಲೆ ಎತ್ತಿ ನಿಲ್ಲಿಸಿದ ಮುಂಗೂದಲು ಕ್ರೋ ಎಂಬ ಬುಡಕಟ್ಟಿನ ಕಡೆಗೆ. ಅಂಗಿಗೆ ಅಷ್ಟು ತೂಕ ಬೇಡ. ಒಂದೇ ಸ್ಟುಡಿಯೊದಲ್ಲಿ ಒಂದೇ ಅಂಗಿ ಹಲವರ ಮೈಮೇಲೆ ಕಾಣಿಸುತ್ತದೆ. ಕಿವಿಯ ಆಕಾರವನ್ನು ಯಾರೂ ಎರವಲು ಪಡೆಯಲಾರರು, ಅದನ್ನು ಗುರುತು ಖಚಿತವಾದ ಬೇರೆ ಫೋಟೊದೊಂದಿಗೆ ಹೋಲಿಸಿ.

ಹೆಸರು ಸಿಕ್ಕಿತೆಂದು ಹಿಗ್ಗುವ ಮೊದಲು ಮರಣದ ವರ್ಷ ನೋಡಿ. ಅಮೆರಿಕನ್ ಹಾರ್ಸ್ ಎಂಬ ಇಬ್ಬರಿದ್ದರು: ಒಬ್ಬ 1876ರಲ್ಲಿ ಸ್ಲಿಮ್ ಬ್ಯೂಟ್ಸ್‌ನಲ್ಲಿ ನಡೆದ ಕಾಳಗದಲ್ಲಿ ಸತ್ತ, ಇನ್ನೊಬ್ಬ ಓಗ್ಲಾಲಾ ಮುಖಂಡ 1908ರವರೆಗೆ ಬದುಕಿದ್ದ. 1890ರ ಫೋಟೊ ಮೊದಲಿನವನದಾಗಲು ಸಾಧ್ಯವೇ ಇಲ್ಲ.

ಕೊಳವೆಯಂಥ ಉದ್ದ ಮಣಿಗಳನ್ನು ಸಾಲಾಗಿ ಪೋಣಿಸಿದ ಎದೆಕವಚವೂ ಕಾಲ ಹೇಳುತ್ತದೆ. ಮೊದಲು ಕೊಳವೆಗಳು ಚಿಪ್ಪಿನವು, ದುಬಾರಿ, ಬೇಗ ಒಡೆಯುವಂಥವು. ಮೂಳೆಯವು ವ್ಯಾಪಾರಿಗಳಲ್ಲಿ ಧಾರಾಳವಾಗಿ ಸಿಗತೊಡಗಿದ್ದು 1880ರ ಆಸುಪಾಸು. ಅದಕ್ಕೂ ಮುಂಚಿನದೆನ್ನುವ ಫೋಟೊದಲ್ಲಿ ಸೊಂಟದವರೆಗೆ ಇಳಿದ ಕವಚ ಕಂಡರೆ ಅನುಮಾನಪಡಿ. 1877ರ ಸೆಪ್ಟೆಂಬರ್ 5ರಂದು ಸತ್ತ ಲಕೋಟಾ ಯೋಧ ಕ್ರೇಜಿ ಹಾರ್ಸ್‌ನ ಎಲ್ಲರೂ ಒಪ್ಪಿದ ಫೋಟೊ ಒಂದೂ ಇಲ್ಲ. ಅವನದೆಂದು ತೋರಿಸುವ ಒಂದು ಟಿನ್‌ಟೈಪ್‌ನಲ್ಲಿ ಎದೆತುಂಬ ಇಂಥದ್ದೇ ಕವಚ, ಹಿಂದೆ ಬಣ್ಣ ಬಳಿದ ಸ್ಟುಡಿಯೊ ಪರದೆ. ತಜ್ಞರು ತಕರಾರು ಎತ್ತಿರುವುದೂ ಅವೆರಡರ ಮೇಲೆಯೇ.